ಎರಡು ಖೋಲಿಗೆ ಬಂದು ನಿಂತ ಲೆಕ್ಕ

ನಮ್ಮ ಯಜಮಾನರು ಸಾರಿಗೆ ಸಂಸ್ಥೆಯಿಂದ ನಿವೃತ್ತರಾದಾಗ ಕೈಗೆ ಒಂದಿಷ್ಟು ಇಡಿಗಂಟು ಬಂತು. ಅದರ ಹಿಂದೆಯೇ ಸಲಹೆಗಳೂ ಬಂದವು. ಒಬ್ಬರು ಎಫ್‌ಡಿ ಅಂದರು, ಒಬ್ಬರು ಪ್ಲಾಟ್ ಅಂದರು. ನಮ್ಮ ಮೈದುನ ಮಾತ್ರ ಲೆಕ್ಕದ ಹಾಳೆ ಸಮೇತ ಬಂದ. ಹುಬ್ಬಳ್ಳಿಯಲ್ಲಿ ಒಂದು ಲಾಡ್ಜ್ ಲೀಸ್‌ಗೆ ಸಿಗುತ್ತಿದೆ, ಇಬ್ಬರೂ ಸೇರಿ ಹಿಡಿಯೋಣ ಅನ್ನೋದು ಅವನ ಯೋಜನೆ. ಯಜಮಾನರಿಗೆ ಇನ್ನೊಂದು ಆಸೆ. ಲಕ್ಕುಂಡಿಯಲ್ಲಿ ಅವರ ತಂದೆ ಬಿಟ್ಟುಹೋದ ಮಾಳಿಗೆ ಮನೆ ಇದೆ. ಅದನ್ನು ಹೋಮ್‌ಸ್ಟೇ ಮಾಡಿದರೆ ಹೇಗೆ? ಇದರ ನಡುವೆ ಹಾವೇರಿ ಕಡೆಯ ಸಂಬಂಧಿಕರೊಬ್ಬರು ಫೋನ್ ಮಾಡಿ, ಹೆದ್ದಾರಿ ಬದಿಗೆ ನಮ್ಮ ಹೊಲ ಇದೆ, ಮೋಟೆಲ್ ಹಾಕ್ರಿ ಅಂದರು.

ಮೂರರಲ್ಲಿ ಯಾವುದು ಅಂತ ತೀರ್ಮಾನಿಸಲು ನಮಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ನಮ್ಮ ಹಾಗೇ ಯೋಚನೆ ಮಾಡುವವರು ಈ ಕಡೆ ಬಹಳ ಜನ ಇದ್ದಾರೆ. ಅದಕ್ಕೇ ಹೇಗೆ ಹೇಗೆ ಲೆಕ್ಕ ಹಾಕಿದೆವು ಅನ್ನೋದನ್ನ ಬರೆದಿಡುತ್ತಿದ್ದೇನೆ.

ಹಾವೇರಿಯದು ಬೇಗ ಮುಗಿಯಿತು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಗಾಡಿಗೆ ಬರವಿಲ್ಲ, ನಿಜ. ಆದರೆ ಹೊಲದಲ್ಲಿ ಕಟ್ಟಡ ಏಳಬೇಕಾದರೆ ಮೊದಲು ಎನ್‌ಎ ಆಗಬೇಕು, ಅಂದರೆ ಕೃಷಿ ಜಮೀನು ಕೃಷಿಯೇತರ ಅಂತ ಬದಲಾಗಬೇಕು. ಆಮೇಲೆ ಹೆದ್ದಾರಿಗೆ ದಾರಿ ಬಿಡಿಸಿಕೊಳ್ಳಲು ಬೇರೆ ಅನುಮತಿ. ಕಟ್ಟೋ ಖರ್ಚಂತೂ ನಮ್ಮ ಗಂಟಿನ ನಾಲ್ಕು ಪಟ್ಟು. ಅದಕ್ಕಿಂತ ಮುಖ್ಯ, ಆ ದಾರಿಯಲ್ಲಿ ಹೋಗುವವರು ಹಾವೇರಿ ಹತ್ತಿರ ಚಾ ಕುಡಿಯುತ್ತಾರೆ, ಊಟ ಮಾಡುತ್ತಾರೆ, ಮಲಗೋದಿಲ್ಲ. ಇನ್ನೊಂದು ತಾಸು ಓಡಿಸಿದರೆ ಹುಬ್ಬಳ್ಳಿ ಬರುತ್ತೆ. ಅಲ್ಲಿ ಖಾನಾವಳಿ ಹಾಕಿದರೆ ನಡೆದೀತು, ಹಾಸಿಗೆ ಹಾಕಿದರೆ ಕಷ್ಟ. ಫೋನ್ ಮಾಡಿದವರಿಗೆ ಹಾಗೇ ಹೇಳಿಬಿಟ್ಟೆವು.

ಲಾಡ್ಜ್ ಮಾತ್ರ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಹುಬ್ಬಳ್ಳಿಯಲ್ಲಿ ಮಲಗೋಕೆ ಜನ ಬಂದೇ ಬರುತ್ತಾರೆ. ದೊಡ್ಡಾಸ್ಪತ್ರೆಗೆ ಪೇಷಂಟ್ ಕರಕೊಂಡು ಬಂದ ಮನೆಯವರು, ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೇಸ್ ಇರುವವರು, ಅರಿವೆ ವ್ಯಾಪಾರಕ್ಕೆ ಬಂದವರು, ಔಷಧ ಕಂಪನಿಯ ರೆಪ್‌ಗಳು, ರಾತ್ರಿ ಟ್ರೇನ್ ತಪ್ಪಿಸಿಕೊಂಡವರು. ಪ್ರವಾಸಿಗಳನ್ನು ನಂಬಿಕೊಂಡ ಧಂದೆ ಅಲ್ಲ ಅದು. ಮೈದುನ ಹೇಳಿದ್ದೂ ಅದನ್ನೇ. "ವೈನಿ, ಜಡ್ಡಿಗೆ ಸೀಜನ್ ಇರೂದಿಲ್ಲ, ಕೋರ್ಟಿಗೂ ಸೀಜನ್ ಇಲ್ಲ."

ಅವನ ಹಾಳೆಯಲ್ಲಿದ್ದದ್ದು ಇಷ್ಟು: 16 ರೂಮು, ದಿನಕ್ಕೆ ಸರಾಸರಿ 800 ರೂಪಾಯಿ. ಡಿಪಾಜಿಟ್ 15 ಲಕ್ಷ, ತಿಂಗಳ ಬಾಡಿಗೆ 90,000. ಐದು ಜನ ಹುಡುಗರ ಪಗಾರ 75,000. ಕರೆಂಟ್ 35,000. ಬೆಡ್‌ಶೀಟ್, ಟವೆಲ್ ಒಗೆಸುವ ಖರ್ಚು 25,000. ಚಿಲ್ಲರೆ ರಿಪೇರಿ, ಸೋಪು, ಫಿನಾಯಿಲ್ ಎಲ್ಲ ಸೇರಿ 15,000. ಒಟ್ಟು ತಿಂಗಳಿಗೆ 2,40,000.

ನಾನು ಕ್ಯಾಲ್ಕುಲೇಟರ್ ತೆಗೆದುಕೊಂಡು ಅದನ್ನು 800ರಿಂದ ಭಾಗಿಸಿದೆ. 300 ಬಂತು. 16 ರೂಮು, 30 ದಿನ ಅಂದರೆ 480. ಅಂದರೆ ನೂರಕ್ಕೆ 62ರ ಮೇಲೆ ರೂಮು ತುಂಬಿದಾಗ ನಮ್ಮ ಕೈಗೆ ಬರೋದು ಸೊನ್ನೆ. ಲಾಭ ಶುರುವಾಗೋದು ಅದರಾಚೆ. ಮೈದುನ ಸ್ವಲ್ಪ ಹೊತ್ತು ಹಾಳೆ ನೋಡಿದ. "ಮದುವಿ ಸೀಜನ್‌ದಾಗ ಫುಲ್ ಇರ್ತಾವ" ಅಂದ. ಇರ್ತಾವೆ. ಆಷಾಢದಲ್ಲಿ ಏನು ಗತಿ?

ಆದರೂ ಹಾಳೆ ನೋಡಿಯೇ ಬೇಡ ಅನ್ನಬಾರದು ಅಂತ ಯಜಮಾನರು ಆ ಲಾಡ್ಜಿನ ಕೌಂಟರಿನಲ್ಲಿ ಒಂದು ರಾತ್ರಿ ಇಡೀ ಕೂತು ಬಂದರು. ಹಳೆಯ ಮ್ಯಾನೇಜರ್ ಎಲ್ಲ ತೋರಿಸಿದರಂತೆ. ಅಲ್ಲಿ 24 ತಾಸಿನ ಚೆಕ್‌ಔಟ್. ಬೆಳಗಿನ ಜಾವ ಮೂರಕ್ಕೆ ಬಂದವನು ಮರುದಿನ ಮೂರಕ್ಕೆ ಹೋಗುತ್ತಾನೆ, ಆಗಲೇ ರೂಮು ಗುಡಿಸಿ ಒರೆಸಬೇಕು. ಎಲ್ಲರ ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಬೇಕು, ರಜಿಸ್ಟರ್‌ನಲ್ಲಿ ಸಹಿ ಹಾಕಿಸಬೇಕು, ಪೊಲೀಸರು ಕೇಳಿದಾಗ ತೋರಿಸಬೇಕು. ಒಂದು ಹಾಸಿಗೆಗೆ ಮೂರು ಜೊತೆ ಬೆಡ್‌ಶೀಟ್ ಇರಲೇಬೇಕು. ಒಂದು ಹಾಸಿಗೆ ಮೇಲೆ, ಒಂದು ಒಗೆಯೋಕೆ ಹೋಗಿರುತ್ತೆ, ಒಂದು ಕಪಾಟಿನಲ್ಲಿ. 

ಬಸ್ಸಿನಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ಮನುಷ್ಯನಿಗೆ ಮೂವತ್ತು ವರ್ಷ ನಿದ್ದೆ ಆಗಿಲ್ಲ. ಬೆಳಿಗ್ಗೆ ಮನೆಗೆ ಬಂದವರೇ ಒಂದೇ ಮಾತು ಹೇಳಿದರು: "ಮತ್ತ ನೈಟ್ ಡ್ಯೂಟಿ ಹಾಕ್ಕೊಳ್ಳಾಕ ರಿಟೈರ್ ಆಗ್ಯೇನೇನು?" ಅಲ್ಲಿಗೆ ಲಾಡ್ಜಿನ ಮಾತು ನಿಂತಿತು. ಮೈದುನನಿಗೆ ಸ್ವಲ್ಪ ಬೇಸರವಾಯಿತು. ಅವನು ಬೇರೆ ಪಾಲುದಾರರನ್ನು ಹುಡುಕಿಕೊಂಡು ಅದನ್ನೇ ಹಿಡಿದ. ಅವನ ವಯಸ್ಸಿಗೆ ಅದು ಸರಿಯೇ ಇರಬಹುದು. ನಾನೇನೂ ಅದನ್ನು ಕೆಟ್ಟ ಧಂದೆ ಅನ್ನಲ್ಲ.

ಉಳಿದದ್ದು ಲಕ್ಕುಂಡಿ. ನಿಜ ಹೇಳಬೇಕಂದ್ರೆ ನನ್ನ ಮನಸ್ಸೂ ಅಲ್ಲೇ ಇತ್ತು.

ಗದಗಿನಿಂದ ಕೊಪ್ಪಳದ ದಾರಿಯಲ್ಲಿ ಹನ್ನೆರಡು ಕಿಲೋಮೀಟರು. ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೆಸರಾದ ಊರು. ಕಾಶಿ ವಿಶ್ವನಾಥನ ಗುಡಿಯ ಬಾಗಿಲವಾಡದ ಕೆತ್ತನೆ ನೋಡೋಕೆ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡೋಕೆ, ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿಯ ಮೆಟ್ಟಿಲಲ್ಲಿ ಫೋಟೋ ತೆಗೆಯೋಕೆ ಜನ ಬರುತ್ತಾರೆ. ನಮ್ಮ ಮನೆ ಅಂಥದೇ ಒಂದು ಗುಡಿಯ ಹಿಂದೆ ಇದೆ. ಒಂದೂವರೆ ಮೊಳ ದಪ್ಪದ ಗೋಡೆ, ಪಡಸಾಲಿ, ತೊಲೆ, ಜಂತಿ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯೋ ಬಿಸಿಲು. ಏಪ್ರಿಲ್‌ನಲ್ಲೂ ಒಳಗೆ ತಂಪು. ಬೆಂಗಳೂರಿನವರು ನೋಡಿದರೆ ಸಾವಿರ ಫೋಟೋ ಹೊಡೀತಾರೆ. ಸದ್ಯಕ್ಕೆ ನಮ್ಮ ಅತ್ತಿಯವರೊಬ್ಬರೇ ಅಲ್ಲಿರೋದು. ನಾವಿರೋ ಗದಗಿಗೆ ಬರ್ರಿ ಅಂದರೆ ಬರೋದಿಲ್ಲ.

ಸರ್ಕಾರದ ನಿಯಮ ವಿಚಾರಿಸಿದಾಗ ಮೊದಲು ಖುಷಿಯೇ ಆಯಿತು. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಕನಿಷ್ಠ ಒಂದು ಖೋಲಿ ಇದ್ದರೂ ಸಾಕು. ಗರಿಷ್ಠ ಆರು ಖೋಲಿ, 12 ಹಾಸಿಗೆ. ಗೋಲ್ಡ್, ಸಿಲ್ವರ್ ಅಂತ ಎರಡು ದರ್ಜೆ. ಮುಖ್ಯ ಷರತ್ತು ಒಂದೇ: ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕು. ಖಾಲಿ ಮನೆಗೆ ಬೀಗ ಹಾಕಿ, ಕೀಲಿ ಕೈಗೆ ಕೊಟ್ಟು ಹೋಗೋದು ಹೋಮ್‌ಸ್ಟೇ ಅಲ್ಲ. ರಾಜ್ಯದ ಪ್ರವಾಸೋದ್ಯಮ ಇಲಾಖೆಯಲ್ಲೂ ಹೋಮ್‌ಸ್ಟೇ ನೋಂದಣಿ ಇದೆ. ವಿದೇಶಿಯರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ತುಂಬಬೇಕು, ಎಲ್ಲರೂ ಅದನ್ನು ಸಿ ಫಾರ್ಮ್ ಅನ್ನುತ್ತಾರೆ. ಜಿಎಸ್‌ಟಿ ಬಗ್ಗೆ ಬಹಳ ಜನ ಹೆದರಿಸಿದರು. ನಮ್ಮ ಮಟ್ಟಕ್ಕೆ ಅದು ದೊಡ್ಡ ವಿಷಯವೇ ಅಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ.

ಸಿಕ್ಕಿಹಾಕಿಕೊಂಡದ್ದು ಪಾಯಖಾನೆಯಲ್ಲಿ.

ಹಳೆ ಮನೆಯಲ್ಲಿ ಪಾಯಖಾನೆ ಇರೋದು ಹಿತ್ತಲ ತುದಿಯಲ್ಲಿ. ಬರುವ ಅತಿಥಿಗಳು ಮೊದಲು ಕೇಳೋದೇ "ಅಟ್ಯಾಚ್ಡ್ ಇದೆಯಾ?" ಅಂತ. ಹಿತ್ತಲಲ್ಲಿ ಎರಡು ಬಾತ್‌ರೂಮ್ ಎಬ್ಬಿಸಿ ಖೋಲಿಗೆ ಕೂಡಿಸಿಬಿಡೋಣ, ಮೂರು ಲಕ್ಷದಲ್ಲಿ ಮುಗಿಯುತ್ತೆ ಅಂತ ಗೌಂಡಿ ಹೇಳಿದ್ದ. ಆದರೆ ನಮ್ಮ ಮನೆ ಗುಡಿಯ ಹಿಂದೆ ಅಂತ ಹೇಳಿದೆನಲ್ಲ, ಆ ಗುಡಿ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸದಾಗಿ ಏನೂ ಕಟ್ಟುವಂತಿಲ್ಲ. ಇದ್ದದ್ದನ್ನು ರಿಪೇರಿ ಮಾಡಬಹುದು, ಅದಕ್ಕೂ ಮೊದಲೇ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಸಿಕ್ಕರೆ ಕಟ್ಟಬಹುದು. ನಮ್ಮದು ನೂರರ ಒಳಗೇ ಬರುತ್ತೆ, ಟೇಪ್ ಹಿಡಿಯೋದೂ ಬೇಕಿಲ್ಲ. ಅತ್ತಿಯವರು ಕಟ್ಟಿ ಮೇಲೆ ಕೂತು ಕೂಗಿದರೆ ಗುಡಿಯ ಕಾವಲುಗಾರನಿಗೆ ಕೇಳುತ್ತೆ.

ಊರಿನಲ್ಲಿ ಕೆಲವರು "ಸುಮ್ನೆ ಕಟ್ಟಿಬಿಡ್ರಿ, ಯಾರು ನೋಡ್ತಾರ" ಅಂದರು. ಹಾಗೆ ಕಟ್ಟಿದರೆ ನೋಂದಣಿ ಅರ್ಜಿಯ ಜೊತೆ ಮನೆಯ ನಕ್ಷೆ ಯಾವುದು ಕೊಡೋದು? ಅದೂ ಅಲ್ಲದೆ ಗುಡಿ ಉಳಿದಿದೆ ಅಂತಲೇ ತಾನೇ ನಮ್ಮ ಮನೆಗೆ ಯಾರಾದರೂ ಬರೋದು. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ.

ಇದ್ದ ಪಾಯಖಾನೆಯನ್ನೇ ಅನುಮತಿ ತಗೊಂಡು ಚೆನ್ನಾಗಿ ರಿಪೇರಿ ಮಾಡಿಸೋಣ ಅಂತ ಯಜಮಾನರು ಅಂದರು. ಆಗ ಅತ್ತಿಯವರು ಬಾಯಿ ಬಿಟ್ಟರು. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು. "ರೊಕ್ಕ ತೊಗೊಂಡು ಮಂದಿನ್ನ ಇಟಗೋರಿ, ನಂದೇನೂ ತಕರಾರಿಲ್ಲ. ಆದರ ಹಿತ್ತಲಕ್ಕ ಹೋಗೂ ದಾರಿ ಅಡಗಿಮನಿ ದಾಟಿ, ದೇವರ ಖೋಲಿ ಮುಂದ ಐತಿ. ಮುಂಜಾನೆ ನಾ ಜಳಕಾ ಮಾಡಿ ಪೂಜಿಗೆ ಕುಂತಾಗ ಒಬ್ಬೊಬ್ಬರು ಬಕೇಟ್ ಹಿಡಕೊಂಡು ಹಾಯ್ದು ಹೋದ್ರ ಹೆಂಗವಾ?" ಅಂದರು. ಅದಕ್ಕೆ ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಇಷ್ಟಾದರೂ ಆಸೆ ಪೂರ್ತಿ ಬಿಟ್ಟಿರಲಿಲ್ಲ. ನಡೆಸುವವರ ಹತ್ತಿರವೇ ಒಮ್ಮೆ ಕೇಳೋಣ ಅಂತ ದಾಂಡೇಲಿ ಕಡೆ ಒಂದು ಹೋಮ್‌ಸ್ಟೇಗೆ ಹೋಗಿ ಉಳಿದೆವು. ನಡೆಸೋದು ನನ್ನದೇ ವಯಸ್ಸಿನ ಹೆಣ್ಣುಮಗಳು, ತವರು ಹುಬ್ಬಳ್ಳಿ. ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಾ ಮಾತಾಡಿದರು. ಖೋಲಿ ಎಷ್ಟು ತುಂಬುತ್ತೆ, ಆ್ಯಪ್‌ನವರು ಎಷ್ಟು ಕಮಿಷನ್ ಮುರಕೋತಾರೆ, ಎಲ್ಲ ಬಿಚ್ಚಿ ಹೇಳಿದರು. ಆಮೇಲೆ ನಾನು, ನಿಮಗೆ ಬಿಡುವು ಯಾವಾಗ ಅಂತ ಕೇಳಿದೆ. "ಅಕ್ಕಾರ, ಹೋದ ವರ್ಷ ಸ್ವಂತ ತಂಗಿ ಮಗಳ ಮದುವಿಗೆ ಅಕ್ಕಿಕಾಳ ಹಾಕೂ ಹೊತ್ತಿಗೆ ಹೋಗಿ, ಊಟಕ್ಕ ನಿಲ್ಲದ ಬಂದೀನಿ. ಶನಿವಾರ, ರವಿವಾರ ಮದುವಿ ಇಟ್ಟರ ನಾ ಇಲ್ಲ ಅಂತ ಎಲ್ಲಾರಿಗೂ ಗೊತ್ತಾಗೇತಿ" ಅಂದರು. ಅವರ ಯಜಮಾನರು ಹೊರಗೆ ಅತಿಥಿಗಳ ಜೊತೆ ಬೆಂಕಿ ಕಾಯಿಸಿಕೊಳ್ಳುತ್ತಾ ಹುಲಿ ಕಥೆ ಹೇಳುತ್ತಿದ್ದರು.

ವಾಪಸ್ ಬರುವಾಗ ಕಾರಿನಲ್ಲಿ ನಾನು ಸುಮ್ಮನೆ ಲೆಕ್ಕ ಹಾಕುತ್ತಿದ್ದೆ.

ನಮ್ಮವರ ಹೋಮ್‌ಸ್ಟೇ ಹಾಳೆ ಹೀಗಿತ್ತು. ಎರಡು ಖೋಲಿ, ದಿನಕ್ಕೆ 1,500. ನವೆಂಬರ್‌ನಿಂದ ಫೆಬ್ರವರಿವರೆಗಿನ ಸೀಜನ್‌ನಲ್ಲಿ ಹೆಚ್ಚಂದ್ರೆ 50 ಬಾಡಿಗೆ ಅಂತ ಹಿಡಿದರೆ 75,000 ಆದಾಯ. ಕಿರಾಣಿ 15,000, ಒಗೆಯೋದು, ಸೋಪು 5,000, ನೀರು, ಕರೆಂಟ್ 8,000, ಕಮಿಷನ್ ಐದಾರು ಸಾವಿರ. ಉಳಿಯೋದು 41,000. "ನೋಡು, ಕುಂತಲ್ಲೇ ನಲವತ್ತು ಸಾವಿರ" ಅಂದಿದ್ದರು.

ಕುಂತಲ್ಲೇ ಯಾರು? ಹಾಳೆಯಲ್ಲಿ ಅಡುಗೆಯವರ ಪಗಾರ ಇಲ್ಲ. ಗುಡಿಸಿ ಒರೆಸುವವರದ್ದಿಲ್ಲ. ಮೈದುನನ ಲಾಡ್ಜಿನ ಹಾಳೆಯಲ್ಲಿ ಐದು ಹುಡುಗರ ಪಗಾರ ಇತ್ತು, ಇದರಲ್ಲಿ ಯಜಮಾನರು ಅದನ್ನು ಬಿಟ್ಟಿದ್ದರು. ಯಾಕಂದ್ರೆ ಇದು ಮನೆ, ಮನೆಯಲ್ಲಿ ನಾನಿದ್ದೇನೆ. ನಾನು ಪೆನ್ ತಗೊಂಡು ಕೆಳಗೆ ಒಂದು ಸಾಲು ಸೇರಿಸಿದೆ: ಕೆಲಸದವರಿಗೆ ತಿಂಗಳಿಗೆ 6,000, ನಾಲ್ಕು ತಿಂಗಳಿಗೆ 24,000. ಉಳಿದದ್ದು 17,000. ಅದೂ ಖೋಲಿಗೆ ಬಣ್ಣ, ಹಾಸಿಗೆ, ಗೀಜರ್ ಖರ್ಚು ಹಿಡಿಯದೆ.

ಯಜಮಾನರು ಕೆಟ್ಟವರಲ್ಲ. ಹಾಳೆ ನೋಡಿ "ಹೌದಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಾನೂ ಮಾಡ್ತೀನಿ, ಕಸಾ ಹೊಡಿಯೂದೇನು ದೊಡ್ಡದು" ಅಂದರು. ನೋಡೋಣ ಅಂದೆ.

ನೋಡೋ ಅವಕಾಶವೂ ಬಂತು. ಗದಗಿನ ನಮ್ಮ ಮನೆಯ ಮೇಲೆ ಎರಡು ಖೋಲಿ ಇವೆ, ಮಗನಿಗೆ ಅಂತ ಕಟ್ಟಿಸಿದ್ದು. ಅವನು ಪುಣೆಯಲ್ಲಿ ನೌಕರಿ ಹಿಡಿದ ಮೇಲೆ ಜೋಳದ ಚೀಲ, ಹಳೆ ಸೂಟ್‌ಕೇಸ್ ಇಡೋಕೆ ಆಗಿದ್ದವು. ಡಿಸೆಂಬರ್‌ನಲ್ಲಿ ಮಗನ ಗೆಳೆಯರು ಆರು ಜನ ಮಾಗಡಿ ಕೆರೆಗೆ ಹಕ್ಕಿ ಫೋಟೋ ತೆಗೆಯೋಕೆ ಬಂದರು. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಪ್ರತಿ ಚಳಿಗಾಲ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಆ ಹುಡುಗರಿಂದ ನನಗೊಂದು ವಿಷಯ ಹೊಳೆಯಿತು. ಲಕ್ಕುಂಡಿ ನೋಡೋರು ಇಲ್ಲಿ ಮಲಗೋದಿಲ್ಲ. ರಸ್ತೆ ಚತುಷ್ಪಥ ಆದಮೇಲಂತೂ ಹಂಪಿಯಿಂದ ಎರಡು ತಾಸಿನೊಳಗೆ ಬಂದು, ನೋಡಿ, ಬಾದಾಮಿಗೋ ಹುಬ್ಬಳ್ಳಿಗೋ ಹೋಗಿಬಿಡುತ್ತಾರೆ. ರಸ್ತೆ ಸುಧಾರಿಸಿದಷ್ಟೂ ನಡುವಿನ ಊರಿಗೆ ರಾತ್ರಿ ಅತಿಥಿ ಕಡಿಮೆ. ಹಕ್ಕಿ ನೋಡೋರ ಕಥೆ ಬೇರೆ. ಸೂರ್ಯ ಹುಟ್ಟೋ ಹೊತ್ತಿಗೆ ಅವರು ಕೆರೆ ದಂಡೆಯಲ್ಲಿರಬೇಕು. ಹಾಗಾಗಿ ಹಿಂದಿನ ರಾತ್ರಿ ಹತ್ತಿರದಲ್ಲೇ ಮಲಗಲೇಬೇಕು. ಕಪ್ಪತಗುಡ್ಡಕ್ಕೆ ಹೋಗುವವರದೂ ಅದೇ ಥರ.

ಆ ಹುಡುಗರಿಗೆ ರಾತ್ರಿ ಊಟಕ್ಕೆ ಬಿಸಿ ಜೋಳದ ರೊಟ್ಟಿ ಬೇಕಂತೆ. ಮಾಡಿದೆ. ಕುದಿಯೋ ನೀರು ಹಾಕಿ ಹಿಟ್ಟು ನಾದಿ, ಒಂದೊಂದೇ ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಉಬ್ಬಿಸಿ ತಟ್ಟೆಗೆ ಹಾಕಬೇಕು. ರೊಟ್ಟಿ ಚಪಾತಿಯ ಹಾಗಲ್ಲ, ಮೊದಲೇ ಮಾಡಿ ಡಬ್ಬಿಯಲ್ಲಿಟ್ಟರೆ ಬಂದವರಿಗೆ ಆ ಮೆತ್ತನೆ ಸಿಗೋದಿಲ್ಲ. ಅವರು ಉಣ್ಣೋವರೆಗೂ ನಾನು ಒಲೆ ಮುಂದಿಂದ ಏಳುವಂತಿಲ್ಲ. ಒಬ್ಬೊಬ್ಬರು ಮೂರು ತಿಂದರು, ಒಬ್ಬ ಐದು ತಿಂದ. ಹೊಟ್ಟೆ ತುಂಬ ಉಂಡರು, ಬಾಯಿ ತುಂಬ ಹೊಗಳಿದರು, ಸಂತೋಷವೇ. ಆದರೆ ಎದ್ದಾಗ ಸೊಂಟ ನೆಟ್ಟಗಾಗಲಿಲ್ಲ. ಮತ್ತೆ ಅವರು ಹೊರಡೋದು ಬೆಳಗಿನ ಜಾವ ಐದಕ್ಕೆ ಮುಂಚೆ, ಅಷ್ಟೊತ್ತಿಗೆ ಚಾ ಬೇಕು. ಚಾ ಮಾಡಿದ್ದು ಯಜಮಾನರು. ಅದನ್ನೂ ಹೇಳಬೇಕು. ಕಸವನ್ನೂ ಹೊಡೆದರು, ಮೂಲೆ ಬಿಟ್ಟು.

ಇನ್ನೊಂದು ಸಮಸ್ಯೆ ನೀರು. ಗದಗ-ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಳ ಬಂದ ದಿನ ಊರಿಗೆ ಊರೇ ಕೆಲಸ ಬಿಟ್ಟು ನೀರು ತುಂಬುತ್ತೆ. ಉಳಿದ ದಿನ ಬೋರಿನ ಸವಳು ನೀರೇ ಗತಿ. ಅದರಲ್ಲಿ ಬಿಳಿ ಬೆಡ್‌ಶೀಟ್ ನಾಲ್ಕು ಸಲ ಒಗೆದರೆ ಮಬ್ಬಾಗುತ್ತೆ, ಗೀಜರ್ ಕಾಯಿಲ್ ಮೇಲೆ ಸುಣ್ಣದ ಹಾಗೆ ಬಿಳಿ ಪದರು ಕೂರುತ್ತೆ, ಶವರ್ ತೂತು ಮುಚ್ಚಿಹೋಗುತ್ತವೆ. ಆ ಆರು ಹುಡುಗರು ಹೋದ ಮೇಲೆ ಮೇಲಿನ ಟ್ಯಾಂಕ್ ಬಡಿದರೆ ಡಬಡಬ ಅಂತು. ಬಕೆಟ್ ಸ್ನಾನ ಅಂತ ಅವರಿಗೆ ಮೊದಲೇ ಹೇಳಿಬಿಡೋದೇ ಒಳ್ಳೇದು ಅಂತ ಅವತ್ತೇ ತೀರ್ಮಾನಿಸಿದೆ. ಬೆಡ್‌ಶೀಟೂ ಅಷ್ಟೇ. ಬಿಳಿ ಬೇಡ, ಬಣ್ಣದ ಚೌಕಡಿ ಕೈಮಗ್ಗದ್ದೇ ಸಾಕು. ಬಿಳಿ ಹಾಸಿದರೆ ಲಾಡ್ಜಿನ ಹಾಗೇ ಕಾಣುತ್ತೆ, ಅಲ್ವಾ?

ಇದೆಲ್ಲ ಆದಮೇಲೆ ನಾನು ನನ್ನ ಷರತ್ತು ಹೇಳಿದೆ. ಲಕ್ಕುಂಡಿ ಮನೆ ಅತ್ತಿಯವರು ಇರೋತನಕ ಅವರದು. ಅದರ ಮಾತು ಬೇಡ. ಗದಗಿನ ಮೇಲಿನ ಎರಡು ಖೋಲಿ ಮಾತ್ರ ಕೊಡೋಣ, ಅವಕ್ಕೆ ಬಾತ್‌ರೂಮ್ ಇದೆ, ಮೆಟ್ಟಿಲು ಹೊರಗಿಂದಲೇ ಇದೆ, ನಾವು ಕೆಳಗೆ ಇರೋದರಿಂದ ನಿಯಮಕ್ಕೂ ಸರಿ. ನವೆಂಬರ್‌ನಿಂದ ಫೆಬ್ರವರಿ, ನಾಲ್ಕೇ ತಿಂಗಳು. ಮನೆಯಲ್ಲಿ ಮದುವೆ ಮುಂಜಿ ಇದ್ದರೆ ಆ ವಾರ ಬಂದ್. ರಾತ್ರಿ ಊಟ ಇಲ್ಲವೇ ಇಲ್ಲ. ಹತ್ತಿರದಲ್ಲಿ ಒಳ್ಳೆ ಖಾನಾವಳಿ ಇದೆ, ರೊಟ್ಟಿ, ಎಣ್ಣೆಗಾಯಿ, ಝುಣಕ ಎಲ್ಲ ಸಿಗುತ್ತೆ, ಅಲ್ಲಿಗೆ ಕಳಿಸೋದು. ಬೆಳಿಗ್ಗೆ ನಾಷ್ಟಾ ಮಾತ್ರ ನಮ್ಮದು: ಒಂದು ದಿನ ಉಪ್ಪಿಟ್ಟು, ಒಂದು ದಿನ ಒಗ್ಗರಣಿ ಚುರಮುರಿ. ಅದರ ಜೊತೆ ಬಜಿ ನಾನು ಕರಿಯಲ್ಲ. ಗದಗಿನ ಬದ್ನಿಕಾಯಿ ಬಜಿ ನಮ್ಮ ಓಣಿಯ ಅಂಗಡಿಯವನಷ್ಟು ಚೆನ್ನಾಗಿ ನನಗೆ ಬರೋದೂ ಇಲ್ಲ, ತರಿಸೋದೇ ಸೈ. ನಸುಕಿನಲ್ಲಿ ಹೋಗುವವರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಡೋದು. ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲೇ ಇದ್ದಾರೆ, ಅವರಿಗೂ ನಾಲ್ಕು ಕಾಸು.

ಗುಡಿಸಿ ಒರೆಸೋಕೆ ಒಬ್ಬರನ್ನು ಇಟ್ಟುಕೊಳ್ಳಲೇಬೇಕು ಅಂದೆ. ಯಜಮಾನರು ಒಪ್ಪಿದರು. ಚಾ ಅವರದೇ.

ಕೊನೆಯದು ದುಡ್ಡಿನ ಮಾತು. ಮನೆ ಅವರ ಹೆಸರಿನಲ್ಲಿದೆ. ಆದರೆ ಬುಕಿಂಗ್ ದುಡ್ಡು ನನ್ನ ಖಾತೆಗೆ ಬರಬೇಕು, ಫೋನ್ ನಂಬರೂ ನನ್ನದೇ ಇರಬೇಕು ಅಂದೆ. ಬೇಡ ಅನ್ನೋದು ನನ್ನ ಕೈಯಲ್ಲಿದ್ದರೆ ಬೇಡವಾದ ದಿನ ಬೇಡ ಅನ್ನಬಹುದು. ಇಲ್ಲದಿದ್ದರೆ ಯಜಮಾನರು ಕೇಳಿದವರಿಗೆಲ್ಲ "ಬರ್ರಿ ಬರ್ರಿ" ಅಂತಾರೆ, ಮೂವತ್ತು ವರ್ಷ ಬಸ್ಸಿಗೆ ಜನ ಹತ್ತಿಸಿದ ಬಾಯಿ ಅದು. ಅವರು ನಕ್ಕು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರು.

ಅಲ್ಲಿಗೆ 75,000 ಬರೋದಿಲ್ಲ. ಊಟ ಬಿಟ್ಟಿದ್ದರಿಂದ ದರ 1,200ಕ್ಕೆ ಇಳಿಸಿದೆವು. ಎಲ್ಲ ಕಳೆದು ಸೀಜನ್‌ಗೆ ಹತ್ತು ಸಾವಿರ ಉಳಿದರೆ ಹೆಚ್ಚು. ಇಡಿಗಂಟು ಮುಕ್ಕಾಲು ಪಾಲು ಎಫ್‌ಡಿಯಲ್ಲೇ ಇದೆ. ಜೋಳದ ಚೀಲ ಕೆಳಗಿಳಿದಿವೆ, ಇನ್ನೊಂದು ಸಾವಿರ ಲೀಟರಿನ ಟ್ಯಾಂಕ್ ಮಾಳಿಗೆ ಏರಿದೆ. ಪೊಲೀಸ್ ಪರಿಶೀಲನೆಗೆ ಕೊಟ್ಟ ಕಾಗದ ಬಂದ ಮೇಲೆ ನೋಂದಣಿ ಅರ್ಜಿ ಹಾಕಬೇಕು. ಮೊನ್ನೆ ಮೈದುನ ಫೋನ್ ಮಾಡಿದ್ದ, ಲಾಡ್ಜಿನಲ್ಲಿ ಹದಿನಾರಕ್ಕೆ ಹದಿನಾರೂ ಫುಲ್ ಅಂತೆ, ಹೆಚ್ಚಾದವರನ್ನು ನಿಮ್ಮಲ್ಲಿಗೆ ಕಳಿಸ್ಲೇನು ವೈನಿ ಅಂದ. ಎಷ್ಟು ಜನ, ಎಷ್ಟೊತ್ತಿಗೆ ಬರ್ತಾರೆ ಅಂತ ಕೇಳಿದೆ. ರಾತ್ರಿ ಒಂದಕ್ಕೆ ಅಂದ. ಬೇಡ ಅಂದೆ.